ತೆರೆದ ಕಲ್ಲಿದ್ದಲು ಗಣಿ: ಬ್ಲಾಸ್ಟ್ ಹಿಡಿತದಲ್ಲಿಡುವುದು, ನೆಲವನ್ನು ಮತ್ತೆ ಕಟ್ಟುವುದು

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ಶಕ್ತಿನಗರದ, ಕುಡತಿನಿಯ ವಿದ್ಯುತ್ ಸ್ಥಾವರಗಳಿಗೆ ಅದು ಹೊರರಾಜ್ಯಗಳಿಂದ ರೈಲಿನಲ್ಲಿ ಬರುತ್ತದೆ. ರಾಜ್ಯದ ವಿದ್ಯುತ್ ನಿಗಮವಾದ ಕೆಪಿಸಿಎಲ್‌ನ ಬರಾಂಜ್ ಗಣಿ ಇರುವುದೂ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲಿ, ಶಿವಮೊಗ್ಗದ ಭದ್ರಾವತಿಯಲ್ಲಲ್ಲ. ಮೈನಿಂಗ್ ಓದಿದ ನಮ್ಮ ಹುಡುಗರು ಕೆಲಸಕ್ಕೆ ಹೋಗುವುದು ತೆಲಂಗಾಣದ ಸಿಂಗರೇಣಿಗೆ ಇಲ್ಲವೇ ಬರಾಂಜ್ ಇರುವ ವರ್ಧಾ ಕಣಿವೆಗೆ. ಹಾಗಾಗಿ ಇಲ್ಲಿನ ಲೆಕ್ಕಕ್ಕೆ ವರ್ಧಾ ಕಣಿವೆಯಂಥ ನೆಲವನ್ನೇ ಹಿಡಿದಿದ್ದೇವೆ: ಮೇಲೆ ಎರೆಮಣ್ಣು, ಅದರಡಿ ಗರಸು, ಆಮೇಲೆ ಮರಳುಗಲ್ಲು, ನಡುನಡುವೆ ಶೇಲ್ (ಜೇಡಿ ಗಟ್ಟಿಯಾದ ಪದರಗಲ್ಲು), ಕೊನೆಗೆ ಕಲ್ಲಿದ್ದಲು. ಯಂತ್ರಗಳು ಕಲ್ಲು ತೋಡುವ ಶಾವೆಲ್ ಮತ್ತು ಅದನ್ನು ಹೊರುವ ಡಂಪರ್. ಸಿಡಿಮದ್ದು ತುಂಬಲು ಕೊರೆಯುವ ಕುಳಿಯ ವ್ಯಾಸ 160 ಮಿ.ಮೀ.

ಬಹುತೇಕ ಗಣಿಗಳಲ್ಲಿ ಬ್ಲಾಸ್ಟಿಂಗ್‌ಗೆ ಒಬ್ಬ ಅಧಿಕಾರಿ, ಪರಿಸರಕ್ಕೆ ಇನ್ನೊಬ್ಬರು. ಒಬ್ಬರ ರಿಜಿಸ್ಟರ್ ಇನ್ನೊಬ್ಬರು ನೋಡುವುದಿಲ್ಲ. ಆದರೆ ಐದು ವರ್ಷದ ಮೇಲೆ ಡಂಪ್ (ಗಣಿಯಿಂದ ತೆಗೆದ ಕಲ್ಲುಮಣ್ಣಿನ ಗುಡ್ಡ) ಹೊತ್ತಿಕೊಂಡರೆ, ಜಾರಿದರೆ, ಅದರ ಮೇಲೆ ಹುಲ್ಲೂ ಹುಟ್ಟದಿದ್ದರೆ, ಕಾರಣ ಹುಡುಕುತ್ತ ಹೋದಾಗ ಸಿಗುವುದು ಹೆಚ್ಚಾಗಿ ಕುಳಿ ಕೊರೆದ ದಿನದ ಬರಹದಲ್ಲೇ, ಅಥವಾ ಆ ಬರಹ ಇಲ್ಲದಿರುವುದರಲ್ಲೇ. ಅದಕ್ಕೇ ಎರಡನ್ನೂ ಒಂದೇ ಕೆಲಸವೆಂದು ಇಲ್ಲಿ ಬರೆದಿದೆ.

ಮದ್ದಿಗೆ ಮೊದಲು ಮಣ್ಣು

ಗಣಿ ತೋಡುವ ಜಾಗದಲ್ಲಿ ಮಾತ್ರವಲ್ಲ, ಹೊರಗಿನ ಡಂಪ್ ಬೀಳುವ ಜಾಗದಲ್ಲೂ ಮೊದಲು ಮೇಲ್ಮಣ್ಣು ತೆಗೆಯಬೇಕು. ಬೇರು, ಗೊಬ್ಬರದ ಅಂಶ, ಬೀಜ ಎಲ್ಲ ಇರುವುದು ಮೇಲಿನ ಸುಮಾರು 30 ಸೆಂ.ಮೀ.ನಲ್ಲಿ. ಅದು ಒಂದು ರಾಶಿ. ಅದರ ಕೆಳಗೆ ಗರಸು ಸಿಗುವವರೆಗಿನ ಎರೆಮಣ್ಣು ಇನ್ನೊಂದು ರಾಶಿ. ಎರಡಕ್ಕೂ ಬೇರೆ ಬೋರ್ಡ್ ನೆಡಿ, ತೆಗೆದ ತಿಂಗಳು ಮತ್ತು ಘನ ಮೀಟರ್ ಬರೆಯಿರಿ. ಒಂದು ಹೆಕ್ಟೇರಿಗೆ 30 ಸೆಂ.ಮೀ. ಮಣ್ಣೆಂದರೆ 3,000 ಘನ ಮೀಟರ್. ಮುಂದೆ ಹರಡುವಾಗ ಈ ಲೆಕ್ಕ ತಾಳೆಯಾಗದಿದ್ದರೆ ಮಣ್ಣು ರಸ್ತೆಗೋ ಕಟ್ಟೆಗೋ ಹೋಗಿದೆ ಎಂದೇ ತಿಳಿಯಿರಿ.

ಎರೆಮಣ್ಣು ಹಸಿಯಿದ್ದಾಗ ಡೋಜರ್ ಹತ್ತಿಸಬೇಡಿ. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ನೆಲಕ್ಕೆ ಬಿಡಿ. ಒಡೆದು ಚೂರಾದರೆ ಕೆಲಸ ಶುರು ಮಾಡಬಹುದು. ಚಪ್ಪಟೆಯಾಗಿ ಕೂತರೆ ಇನ್ನೂ ಕಾಯಿರಿ. ಹಸಿಯಲ್ಲಿ ತುಳಿದ ಎರೆಮಣ್ಣು ಒಣಗಿದ ಮೇಲೆ ಇಟ್ಟಿಗೆಯಾಗುತ್ತದೆ. ಗಾಳಿ ಆಡುವುದಿಲ್ಲ, ಬೇರು ಇಳಿಯುವುದಿಲ್ಲ. ರಾಶಿ 3 ಮೀಟರಿಗಿಂತ ಎತ್ತರ ಬೇಡ, ಒಳಗಿನ ಮಣ್ಣು ಉಸಿರುಗಟ್ಟಿ ಸಾಯುತ್ತದೆ. ಮಳೆಗಾಲಕ್ಕೆ ಮುಂಚೆ ರಾಶಿಯ ಮೇಲೆ ಸೆಣಬೋ ಸ್ಟೈಲೋ ಹುಲ್ಲೋ ಬಿತ್ತಿ. ಇದೆಲ್ಲಕ್ಕಿಂತ ಒಳ್ಳೆಯ ದಾರಿ ರಾಶಿಯನ್ನೇ ಹಾಕದಿರುವುದು: ಇವತ್ತು ಇಲ್ಲಿ ತೆಗೆದ ಮಣ್ಣನ್ನು ಇವತ್ತೇ ಸಮ ಮಾಡಿದ ಹಳೇ ಡಂಪಿನ ಮೇಲೆ ಹರಡುವುದು. ಗಣಿ ಶುರುವಾದ ಮೊದಲ ಕೆಲವು ವರ್ಷ ಇದು ಆಗದ ಮಾತು. ಒಳಗಿನ ಡಂಪ್ (ಕಲ್ಲಿದ್ದಲು ತೆಗೆದ ಗುಂಡಿಯಲ್ಲೇ ಸುರಿಯುವುದು) ಶುರುವಾದ ಮೇಲೆ ಆಗಲೇಬೇಕು.

ಡಂಪಿನಡಿಯ ಎರೆಮಣ್ಣು ತೆಗೆಯುವುದಕ್ಕೆ ಇನ್ನೊಂದು ಕಾರಣವಿದೆ, ಪರಿಸರಕ್ಕೂ ಅದಕ್ಕೂ ಸಂಬಂಧವಿಲ್ಲ. ನೀರು ಕುಡಿದ ಎರೆ ಸೋಪಿನ ಹಾಗೆ. ಅದರ ಮೇಲೆ 60 ಮೀಟರ್ ಕಲ್ಲುಮಣ್ಣು ಪೇರಿಸಿದರೆ ಡಂಪಿನ ಪಾದದ ಮುಂದಿನ ನೆಲ ಉಬ್ಬಿ ಮೇಲೇಳುತ್ತದೆ, ಹಿಂದೆಯೇ ಡಂಪ್ ಜಾರುತ್ತದೆ. ಪೂರ್ತಿ ತೆಗೆಯಲು ಆಗದಿದ್ದರೆ ಕನಿಷ್ಠ ಹೊರ ಅಂಚಿನ ಪಟ್ಟಿಯಲ್ಲಾದರೂ ಗರಸು ಕಾಣುವವರೆಗೆ ಬಿಡಿಸಿ, ಅಲ್ಲಿ ದಪ್ಪ ಮರಳುಗಲ್ಲು ತುಂಬಿ. ಈ ಕಲ್ಲು ಹೊರೆಯನ್ನೂ ತಾಳುತ್ತದೆ, ತಳದ ನೀರಿಗೆ ದಾರಿಯನ್ನೂ ಬಿಡುತ್ತದೆ.

ಕುಳಿಯ ಪುಸ್ತಕ

ಪ್ರತಿ ಕುಳಿಗೂ ಡ್ರಿಲ್ಲರ್ ಒಂದು ಸಾಲು ಬರೆಯಬೇಕು: ಕುಳಿಯ ನಂಬರ್, ಆಳ, ನೀರು ಎಷ್ಟರಲ್ಲಿದೆ, ಎಲ್ಲಿ ಬಿಟ್ (ಕೊರೆಯುವ ತುದಿ) ಸರಾಗ ಇಳಿಯಿತು, ಎಲ್ಲಿ ಗಟ್ಟಿ ಸಿಕ್ಕಿತು, ಪುಡಿಯ ಬಣ್ಣ ಎಲ್ಲಿ ಬದಲಾಯಿತು, ಕಲ್ಲಿದ್ದಲು ತಾಗಿತೇ. ಐದನೇ ಮೀಟರಿನಲ್ಲಿ ಬಿಟ್ ಒಮ್ಮೆಗೇ ಅರ್ಧ ಮೀಟರ್ ಜಾರಿತು ಎಂಬ ಒಂದೇ ಟಿಪ್ಪಣಿಯಿಂದ ಮರುದಿನದ ಕಲ್ಲು ಹಾರುವುದು ತಪ್ಪುತ್ತದೆ. ಅದು ಬಿರುಕಿರಬಹುದು, ಮೆದು ಶೇಲ್ ಇರಬಹುದು, ಹಳೇ ಒಳಗಣಿಯ ಸುರಂಗದ ಮಾಡೂ ಇರಬಹುದು.

ಹತ್ತು ಕುಳಿಗೆ ಒಂದರಂತೆ, ಮೀಟರಿಗೊಂದು ಹಿಡಿ ಪುಡಿಯನ್ನು ಚೀಲದಲ್ಲಿ ಹಿಡಿದಿಡಿ. ಬೂದು ಇಲ್ಲವೇ ಕಪ್ಪು ಶೇಲ್ ಪುಡಿಯಲ್ಲಿ ಹಿತ್ತಾಳೆ ಬಣ್ಣದ ಕಣ ಹೊಳೆದರೆ ಅದು ಪೈರೈಟ್, ಗಾಳಿ ನೀರು ತಾಗಿದರೆ ಆಮ್ಲ ಹುಟ್ಟಿಸುವ ಗಂಧಕದ ಖನಿಜ. ಅದನ್ನು ಗಂಧಕದ ಪರೀಕ್ಷೆಗೆ ಕಳಿಸಿ. ಗಂಧಕದ ಶೇಕಡಾವಾರನ್ನು 31.25ರಿಂದ ಗುಣಿಸಿದರೆ, ಒಂದು ಟನ್ ಕಲ್ಲಿನಿಂದ ಹುಟ್ಟಬಹುದಾದ ಆಮ್ಲವನ್ನು ಕೊಲ್ಲಲು ಎಷ್ಟು ಕಿಲೋ ಸುಣ್ಣದಕಲ್ಲು ಬೇಕೆಂದು ಸಿಗುತ್ತದೆ. ಗಂಧಕ ಶೇ. 0.5 ಇದ್ದರೆ ಟನ್ನಿಗೆ 15.6 ಕಿಲೋ. ಆ ಕಲ್ಲಿನಲ್ಲೇ ಅಷ್ಟು ಸುಣ್ಣದ ಅಂಶವಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಆ ಪದರ ಡಂಪಿನ ಹೊಟ್ಟೆಗೆ ಹೋಗಬೇಕು, ಮೇಲ್ಮೈಗೆ ಬರಕೂಡದು. ವರ್ಧಾ, ಸಿಂಗರೇಣಿಯಂಥ ಗೊಂಡ್ವಾನಾ ಕಲ್ಲಿದ್ದಲಿನಲ್ಲಿ ಗಂಧಕ ಸಾಮಾನ್ಯವಾಗಿ ಶೇ. 1ರ ಒಳಗೆ; ಅಸ್ಸಾಂ, ಮೇಘಾಲಯದ ಕಲ್ಲಿದ್ದಲಿನಷ್ಟು ಕಾಟ ಇಲ್ಲಿಲ್ಲ. ಹಾಗೆಂದು ಪರೀಕ್ಷೆ ಬಿಡುವಂತಿಲ್ಲ. ಕಲ್ಲಿದ್ದಲು ಶುದ್ಧವಿದ್ದು ಅದರ ಮೇಲಿನ ಶೇಲ್ ಕೆಟ್ಟದಿರುವುದೂ ಉಂಟು.

ಕಲ್ಲಿದ್ದಲಿನ ಮೇಲಿನ ಕೊನೆಯ ಬೆಂಚಿನಲ್ಲಿ (ಗಣಿಯ ಮೆಟ್ಟಿಲಿನಲ್ಲಿ) ಸಬ್‌ಡ್ರಿಲ್ಲಿಂಗ್, ಅಂದರೆ ಬೆಂಚಿನ ತಳಕ್ಕಿಂತ ಆಳಕ್ಕೆ ಕೊರೆಯುವುದು, ಬೇಡ. ಕುಳಿಯ ತಳ ಕಲ್ಲಿದ್ದಲಿಗಿಂತ ಅರ್ಧ ಮೀಟರ್ ಮೇಲೆಯೇ ನಿಲ್ಲಲಿ. ತಪ್ಪಿ ಒಳಗೆ ಹೊಕ್ಕಿದ್ದರೆ ಡ್ರಿಲ್ ಪುಡಿಯನ್ನೇ ಹಾಕಿ ತಳ ಎತ್ತರಿಸಿ. ಇಲ್ಲದಿದ್ದರೆ ಕಲ್ಲಿದ್ದಲಿನ ನೆತ್ತಿ ಪುಡಿಯಾಗಿ ಮೇಲಿನ ಕಲ್ಲಿನೊಂದಿಗೆ ಬೆರೆತು ಡಂಪಿಗೆ ಹೋಗುತ್ತದೆ. ಮಾರಬಹುದಾದ ಕಲ್ಲಿದ್ದಲು ಹೋಯಿತೆಂಬುದು ಸಣ್ಣ ನಷ್ಟ. ಅದು ಡಂಪಿನೊಳಗೆ ಗಾಳಿ ಕುಡಿಯುತ್ತ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳುವುದು ದೊಡ್ಡದು.

ಅಳತೆ

9 ಮೀಟರಿನ ಬೆಂಚು, ನಡುಗಟ್ಟಿ ಮರಳುಗಲ್ಲು, 160 ಮಿ.ಮೀ. ಕುಳಿ ಎಂದಿಟ್ಟುಕೊಳ್ಳಿ. ಬರ್ಡನ್ (ಕುಳಿಯಿಂದ ಬೆಂಚಿನ ಮುಖಕ್ಕಿರುವ ದೂರ) ಕುಳಿಯ ವ್ಯಾಸದ 25ರಿಂದ 30 ಪಟ್ಟು, 4.5 ಮೀಟರ್ ಹಿಡಿಯೋಣ. ಸ್ಪೇಸಿಂಗ್ (ಸಾಲಿನಲ್ಲಿ ಕುಳಿಯಿಂದ ಕುಳಿಗೆ ಅಂತರ) 5.5 ಮೀಟರ್. ಒಂದು ಕುಳಿಯ ಪಾಲಿಗೆ ಬರುವ ಕಲ್ಲು 4.5 × 5.5 × 9, ಅಂದರೆ ಸುಮಾರು 223 ಘನ ಮೀಟರ್. ಎಮಲ್ಷನ್ (ಕುಳಿಗೆ ಪಂಪ್ ಮಾಡುವ ಮದ್ದು) ಸಾಂದ್ರತೆ 1.15 ಇದ್ದರೆ ಈ ಕುಳಿಯಲ್ಲಿ ಮೀಟರಿಗೆ 23 ಕಿಲೋ ಹಿಡಿಯುತ್ತದೆ. ಮೇಲೆ 4 ಮೀಟರ್ ಸ್ಟೆಮ್ಮಿಂಗಿಗೆ (ಮದ್ದಿನ ಮೇಲೆ ಕುಳಿಯ ಬಾಯಿ ಮುಚ್ಚುವ ತುಂಬಿಗೆ) ಬಿಟ್ಟರೆ ಉಳಿದ 5 ಮೀಟರಿಗೆ 115 ಕಿಲೋ. ಘನ ಮೀಟರಿಗೆ 0.52 ಕಿಲೋ ಬಿತ್ತು. ಇದು ಆರಂಭದ ಲೆಕ್ಕ ಮಾತ್ರ. ಕಲ್ಲು ಹೇಗೆ ಒಡೆಯಿತು ಎಂದು ನೋಡಿ ಅರ್ಧರ್ಧ ಮೀಟರಿನಂತೆ ಹಿಗ್ಗಿಸಿ ಕುಗ್ಗಿಸಿ.

ಮುಂದಿನ ಸಾಲಿನ ಬರ್ಡನ್ನನ್ನು ಮೇಲಿನಿಂದ ನೋಡಿ ಅಂದಾಜು ಮಾಡಬೇಡಿ. ಹಿಂದಿನ ಬ್ಲಾಸ್ಟು ಬೆಂಚಿನ ಮುಖವನ್ನು ಕೊರೆದಿರುತ್ತದೆ, ಶಾವೆಲ್ ಅಡಿಯಲ್ಲಿ ತೋಡಿರುತ್ತದೆ. ಮೇಲೆ 4.5 ಮೀಟರ್ ಇದ್ದದ್ದು ನಡುವೆ 2.5 ಇರಬಹುದು. ಅಂಥ ಕಡೆ ಮದ್ದು ತುಂಬಿದರೆ ಕಲ್ಲು ಸೀದಾ ಮುಂದಕ್ಕೆ ಚಿಮ್ಮುತ್ತದೆ. ಲೇಸರ್ ಪ್ರೊಫೈಲರ್ ಇದ್ದರೆ ಸರಿ. ಇಲ್ಲದಿದ್ದರೆ ಉದ್ದ ಗಳುವಿನ ತುದಿಗೆ ಟೇಪ್ ಕಟ್ಟಿ, ಅಂಚಿನಿಂದ ಆಚೆ ಚಾಚಿ, ಕೆಳಗೆ ಬಿಟ್ಟು ಪ್ರತಿ ಎರಡು ಮೀಟರಿಗೆ ಮುಖ ಎಷ್ಟು ಒಳಗಿದೆ ಎಂದು ಅಳೆಯಿರಿ. ಅಂಚಿನಲ್ಲಿ ನಿಲ್ಲುವವನಿಗೆ ಸೊಂಟಕ್ಕೆ ಬೆಲ್ಟ್ ಮತ್ತು ಹಗ್ಗ ಕಡ್ಡಾಯ. ಬರ್ಡನ್ ಕಡಿಮೆಯಿರುವಷ್ಟು ಎತ್ತರಕ್ಕೆ ಮದ್ದಿನ ಬದಲು ಜಲ್ಲಿ ತುಂಬಿ.

ಕಂಪನ: ಯಾವ ಮನೆಗೆ ಎಷ್ಟು

ಭಾರತದಲ್ಲಿ ಇದಕ್ಕೆ ಆಧಾರ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಡಿಜಿಎಂಎಸ್‌ನ 1997ರ 7ನೇ ತಾಂತ್ರಿಕ ಸುತ್ತೋಲೆ. ಗಣಿಗೆ ಸೇರದ ವಾಸದ ಮನೆಗಳ ತಳಪಾಯದಲ್ಲಿ ಕಂಪನದ ಗರಿಷ್ಠ ವೇಗ, ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆಯಿದ್ದಾಗ ಸೆಕೆಂಡಿಗೆ 5 ಮಿ.ಮೀ., 8ರಿಂದ 25ರವರೆಗೆ 10, ಅದಕ್ಕೂ ಮೇಲೆ 15. ಕಾಂಕ್ರೀಟ್ ಚೌಕಟ್ಟಿನ ಕೈಗಾರಿಕಾ ಕಟ್ಟಡಕ್ಕೆ 10, 20, 25. ಹಳೇ ಗುಡಿ, ಕೋಟೆಯಂಥ ಐತಿಹಾಸಿಕ ಕಟ್ಟಡಕ್ಕೆ 2, 5, 10. ಗಣಿಯವರದ್ದೇ ಮನೆಗಳಿಗೆ 10, 15, 25. ಕಡಿಮೆ ಆವರ್ತನಕ್ಕೆ ಇಷ್ಟು ಬಿಗಿ ಏಕೆಂದರೆ ಮನೆಗಳು ತಾವೇ ತೂಗುವ ಲಯ ಹೆಚ್ಚುಕಡಿಮೆ ಅದೇ. ತೊಟ್ಟಿಲು ತೂಗುವವರ ಕೈ ಲಯಕ್ಕೆ ಸಿಕ್ಕ ಹಾಗೆ ಅಲುಗಾಟ ಏರುತ್ತ ಹೋಗುತ್ತದೆ. ದಪ್ಪ ಮಣ್ಣಿನ ಪದರದ ಮೇಲೆ ಕಟ್ಟಿದ ಊರಿಗೆ ತಲುಪುವ ಕಂಪನ ಇಂಥದ್ದೇ. ಆದ್ದರಿಂದ ಎರೆಭೂಮಿಯ ಹಳ್ಳಿ ಎಂದರೆ 5 ಮಿ.ಮೀ. ಎಂದೇ ಲೆಕ್ಕ ಶುರು ಮಾಡಿ.

ದೂರವನ್ನು (ಮೀಟರ್) ಒಂದೇ ಡಿಲೇಯಲ್ಲಿ, ಅಂದರೆ ಒಂದೇ ಕ್ಷಣಕ್ಕೆ, ಸಿಡಿಯುವ ಮದ್ದಿನ (ಕಿಲೋ) ವರ್ಗಮೂಲದಿಂದ ಭಾಗಿಸಿದರೆ ಸ್ಕೇಲ್ಡ್ ಡಿಸ್ಟೆನ್ಸ್. ಇದಕ್ಕೂ ಕಂಪನಕ್ಕೂ ಇರುವ ಸಂಬಂಧ ಗಣಿಯಿಂದ ಗಣಿಗೆ ಬೇರೆ. ಪಕ್ಕದ ಗಣಿಯ ಸೂತ್ರ ನಕಲು ಹೊಡೆಯಬೇಡಿ. ಬೇರೆ ಬೇರೆ ದೂರದಲ್ಲಿ ಇಪ್ಪತ್ತು ಮೂವತ್ತು ಅಳತೆ ತೆಗೆದು ನಿಮ್ಮದೇ ಗೆರೆ ಎಳೆಯಿರಿ. ಕೆಜಿಎಫ್‌ನಲ್ಲಿ 1988ರಲ್ಲಿ ಹುಟ್ಟಿ ಈಗ ಬೆಂಗಳೂರಿನಿಂದ ನಡೆಯುವ ಎನ್‌ಐಆರ್‌ಎಂನಂಥ ಶಿಲಾ ಸಂಶೋಧನಾ ಸಂಸ್ಥೆಗಳು ಈ ಅಧ್ಯಯನ ಮಾಡಿಕೊಡುತ್ತವೆ. ವರದಿ ಬಂದಾಗ ಒಂದು ವಿಷಯ ಮರೆಯಬೇಡಿ: ಸರಾಸರಿ ಗೆರೆಯ ಮೇಲೆ ಅರ್ಧದಷ್ಟು ಅಳತೆಗಳು ಇದ್ದೇ ಇರುತ್ತವೆ. ಮದ್ದಿನ ಲೆಕ್ಕಕ್ಕೆ ಬೇಕಾದದ್ದು ಶೇ. 95 ಭರವಸೆಯ ಮೇಲಿನ ಗೆರೆ.

ಆ ಮೇಲಿನ ಗೆರೆಯ ಸ್ಥಿರಾಂಕ 600, ಘಾತ 1.5 ಎಂದು ಲೆಕ್ಕದ ಮಟ್ಟಿಗೆ ಇಟ್ಟುಕೊಳ್ಳೋಣ. ಮನೆ 200 ಮೀಟರ್ ದೂರ, ಡಿಲೇಗೆ 115 ಕಿಲೋ. 200ನ್ನು 115ರ ವರ್ಗಮೂಲದಿಂದ ಭಾಗಿಸಿದರೆ 18.65. ಅದರ 1.5 ಘಾತ 80.5. 600 ÷ 80.5 = 7.5 ಮಿ.ಮೀ. ಮಿತಿ ದಾಟಿತು. ಅದೇ ಸೂತ್ರ ತಿರುಗಿಸಿದರೆ 5 ಮಿ.ಮೀ.ಗೆ ಒಪ್ಪುವ ಮದ್ದು ಡಿಲೇಗೆ 67 ಕಿಲೋ. ಅಂದರೆ ಇಡೀ ಕುಳಿಯನ್ನು ಒಮ್ಮೆಲೇ ಸಿಡಿಸುವಂತಿಲ್ಲ, ಮದ್ದನ್ನು ಎರಡು ಡೆಕ್ (ನಡುವೆ ಜಲ್ಲಿಯಿಟ್ಟು ಬೇರೆ ಮಾಡಿದ ತುಂಡು) ಮಾಡಬೇಕು.

ಕಂಪನ ಅಳೆಯುವಾಗ ಆಗುವ ತಪ್ಪೇ ಬೇರೆ. ಜಿಯೋಫೋನನ್ನು ಸಡಿಲ ಮಣ್ಣಿನ ಮೇಲೆ ಸುಮ್ಮನೆ ಇಟ್ಟರೆ ಅದು ತಾನೇ ಕುಣಿಯುತ್ತದೆ, ಇಲ್ಲದ ಕಂಪನ ತೋರಿಸುತ್ತದೆ. ಮನೆಯ ಗೋಡೆಯ ಬುಡದಲ್ಲಿ ನೆಲ ಅಗೆದು ಮೊಳೆ ಪೂರ್ತಿ ಊರಿ, ಮೇಲೆ ಮರಳು ಚೀಲ ಹೇರಿ, ಬಾಣದ ಗುರುತನ್ನು ಬ್ಲಾಸ್ಟ್ ಕಡೆಗೆ ತಿರುಗಿಸಿ. ಜಗುಲಿಯ ಮೇಲೆ, ಮಾಳಿಗೆಯಲ್ಲಿ ಇಡಬೇಡಿ. ಮಿತಿ ಇರುವುದು ತಳಪಾಯಕ್ಕೆ.

ಮೊದಲ ಬ್ಲಾಸ್ಟಿಗೂ ಮುಂಚೆ ಊರಿನ ಮನೆಗಳ ಬಿರುಕುಗಳನ್ನು ಫೋಟೊ ಸಮೇತ ದಾಖಲಿಸಿ, ಮನೆಯವರ ಸಹಿ ತಗೊಳ್ಳಿ. ಅಮೆರಿಕದಲ್ಲಿ 1977ರ ಕಾಯಿದೆ ಬಂದಾಗಿನಿಂದ, ಬ್ಲಾಸ್ಟ್ ಜಾಗದ ಅರ್ಧ ಮೈಲಿಯೊಳಗಿನವರು ಕೇಳಿದರೆ ಗಣಿಯವರು ಈ ಸಮೀಕ್ಷೆ ಮಾಡಿಕೊಡಲೇಬೇಕು. ಯಾರೂ ಕೇಳದಿದ್ದರೂ ಮಾಡಿಸುವುದು ಲೇಸು. ಎರೆಭೂಮಿಯಲ್ಲಿ ಮನೆ ಬಿರುಕು ಬಿಡುವುದಕ್ಕೆ ಬ್ಲಾಸ್ಟೇ ಬೇಕಿಲ್ಲ. ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಉಬ್ಬುವ ನೆಲ ತಾನೇ ಗೋಡೆ ಸೀಳುತ್ತದೆ. ಹಳೇ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಗಾರೆಯಿಂದ ಅಂಟಿಸಿ ದಿನಾಂಕ ಬರೆದರೆ, ಅದು ಒಡೆದ ದಿನ ಬ್ಲಾಸ್ಟ್ ಇತ್ತೇ ಇರಲಿಲ್ಲವೇ ಎಂಬ ಜಗಳ ಅಲ್ಲೇ ತೀರುತ್ತದೆ.

ಡೆಕ್ ಮತ್ತು ಡಿಲೇ

9 ಮೀಟರ್ ಕುಳಿಯನ್ನು ಹೀಗೆ ಹಂಚಿ: ತಳದಲ್ಲಿ 2 ಮೀಟರ್ ಮದ್ದು (46 ಕಿಲೋ), ಅದರ ಮೇಲೆ 1.5 ಮೀಟರ್ ಜಲ್ಲಿ, ಮತ್ತೆ 1.5 ಮೀಟರ್ ಮದ್ದು (35 ಕಿಲೋ), ಮೇಲೆ 4 ಮೀಟರ್ ಸ್ಟೆಮ್ಮಿಂಗ್. ಪ್ರತಿ ಡೆಕ್ಕಿಗೂ ಅದರದೇ ಬೂಸ್ಟರ್ (ಎಮಲ್ಷನ್ನನ್ನು ಸಿಡಿಸುವ ಸಣ್ಣ ಬಲವಾದ ಮದ್ದು), ಅದರದೇ ಡಿಟೊನೇಟರ್ (ಬೂಸ್ಟರನ್ನು ಹೊತ್ತಿಸುವುದು). 46 ಕಿಲೋಗೆ 200 ಮೀಟರಿನಲ್ಲಿ ಕಂಪನ 3.7 ಮಿ.ಮೀ. ಆಸುಪಾಸು. ಆದರೆ ಕುಳಿಗೆ ಈಗ ಬಿದ್ದದ್ದು 81 ಕಿಲೋ ಮಾತ್ರ. ಹಳೇ ಅಂತರವನ್ನೇ ಇಟ್ಟರೆ ಘನ ಮೀಟರಿಗೆ 0.36 ಕಿಲೋ ಆಗಿ, ಶಾವೆಲ್ ಬಕೆಟಿಗೆ ಹಿಡಿಸದ ಬಂಡೆಗಳು ಬರುತ್ತವೆ. ಆದ್ದರಿಂದ ಅಂತರವನ್ನು 4 × 4.5ಕ್ಕೆ ಇಳಿಸಿ, ಆಗ ಮತ್ತೆ 0.5 ಕಿಲೋ. ಕುಳಿಗಳ ಸಂಖ್ಯೆ ಹೆಚ್ಚುತ್ತದೆ, ಡ್ರಿಲ್ಲಿಂಗ್ ಖರ್ಚೂ ಹೆಚ್ಚುತ್ತದೆ. ಊರ ಪಕ್ಕದ ಗಣಿಗೆ ಅದು ತಪ್ಪದ ಖರ್ಚು. ಕುಳಿಯಲ್ಲಿ ನೀರಿದ್ದರೆ ನಡುವಿನ ಜಲ್ಲಿ 2 ಮೀಟರ್ ಇರಲಿ, ಇಲ್ಲದಿದ್ದರೆ ಒಂದು ಡೆಕ್ಕಿನ ಏಟಿಗೆ ಇನ್ನೊಂದು ಸತ್ತು ಕೂರುತ್ತದೆ ಅಥವಾ ಜೊತೆಗೇ ಸಿಡಿಯುತ್ತದೆ.

8 ಮಿಲಿಸೆಕೆಂಡಿಗಿಂತ ಹತ್ತಿರ ಸಿಡಿಯುವ ಮದ್ದನ್ನೆಲ್ಲ ಒಂದೇ ಡಿಲೇ ಎಂದು ಎಣಿಸುವುದು ರೂಢಿ. ಇಲ್ಲಿ ಮೋಸ ಹೋಗುವುದು ಸುಲಭ. ಕುಳಿಯಿಂದ ಕುಳಿಗೆ 17, ಡೆಕ್ಕಿಂದ ಡೆಕ್ಕಿಗೆ 25, ಸಾಲಿಂದ ಸಾಲಿಗೆ 42 ಮಿಲಿಸೆಕೆಂಡ್ ಕೊಟ್ಟಿರಿ ಎನ್ನಿ. ಮೊದಲ ಕುಳಿ 0 ಮತ್ತು 25ಕ್ಕೆ, ಎರಡನೆಯದು 17 ಮತ್ತು 42ಕ್ಕೆ, ಮೂರನೆಯದು 34 ಮತ್ತು 59ಕ್ಕೆ ಸಿಡಿಯುತ್ತವೆ. ಎರಡನೇ ಸಾಲಿನ ಮೊದಲ ಕುಳಿಯೂ 42ಕ್ಕೇ! ಎರಡು ಡೆಕ್ ಒಂದೇ ಕ್ಷಣಕ್ಕೆ ಸಿಡಿದವು, 67 ಕಿಲೋ ಲೆಕ್ಕ ನೀರುಪಾಲು. ಒಂದನೇ ಸಾಲಿನ ಸಮಯಗಳನ್ನು ಏರಿಕೆಯಲ್ಲಿ ಬರೆದು ನೋಡಿ: 0, 17, 25, 34, 42, 51, 59, 68… ನಡುವಿನ ಅಂತರ 8 ಇಲ್ಲವೇ 9, ಮೊದಲದ್ದು ಬಿಟ್ಟು. ಇನ್ನೊಂದು ಸಾಲು ನುಸುಳಲು ಜಾಗವೇ ಇಲ್ಲ. ಸಾಲಿಗೆ ಹತ್ತು ಕುಳಿಯಿದ್ದರೆ ಕೊನೆಯ ಡೆಕ್ 178ಕ್ಕೆ. ಎರಡನೇ ಸಾಲು 187ರ ಹೊತ್ತಿಗೆ ಶುರುವಾಗಬೇಕು, ಇಲ್ಲವೇ ಬ್ಲಾಸ್ಟನ್ನೇ ಚಿಕ್ಕದು ಮಾಡಬೇಕು.

ಇಷ್ಟು ಸೂಕ್ಷ್ಮ ಎಲೆಕ್ಟ್ರಾನಿಕ್ ಡಿಟೊನೇಟರಿಗೆ ಮಾತ್ರ ಸಾಧ್ಯ. ನೊನೆಲ್ ಟ್ಯೂಬಿನ (ವಿದ್ಯುತ್ತಿಲ್ಲದೆ ಕಿಡಿ ಒಯ್ಯುವ ಟ್ಯೂಬು) ಕುಳಿಯೊಳಗಿನ ಡಿಲೇ ಸುಡುವ ಮದ್ದಿನಿಂದ ಆದದ್ದು. 450 ಎಂದು ಬರೆದದ್ದು ಹತ್ತು ಮಿಲಿಸೆಕೆಂಡ್ ಆಚೆ ಈಚೆ ಸಿಡಿಯುವುದು ಹೊಸದೇನಲ್ಲ. ಕಾಗದದ ಮೇಲೆ 8 ಇದ್ದದ್ದು ನೆಲದಲ್ಲಿ ಸೊನ್ನೆಯಾಗುತ್ತದೆ.

ಮದ್ದು ತುಂಬುವ ಹೊತ್ತು

ತುಂಬುವ ಮೊದಲು ಪ್ರತಿ ಕುಳಿಯನ್ನೂ ಟೇಪಿನಿಂದ ಮತ್ತೆ ಅಳೆಯಿರಿ. ರಾತ್ರಿ ಕೊರೆದ 9 ಮೀಟರ್ ಬೆಳಿಗ್ಗೆ ಮಣ್ಣು ಕುಸಿದು 7.5 ಆಗಿರುತ್ತದೆ. ಬೆಂಕಿ ಬಿದ್ದಿರುವ ಸೀಮಿನ (ಕಲ್ಲಿದ್ದಲು ಪದರದ) ಬಳಿಯಾದರೆ ಉಷ್ಣಾಂಶವನ್ನೂ ನೋಡಿ. 80 ಡಿಗ್ರಿ ದಾಟಿದ ಕುಳಿಗೆ ಮದ್ದು ಇಳಿಸುವಂತಿಲ್ಲ.

ಎಮಲ್ಷನ್ ಪಂಪ್ ಮಾಡುವಾಗ ಕಣ್ಣು ಮೀಟರಿನ ಮೇಲೆ ಎಷ್ಟಿರುತ್ತದೋ ಟೇಪಿನ ಮೇಲೂ ಅಷ್ಟಿರಬೇಕು. 46 ಕಿಲೋ ಇಳಿದರೆ ಮದ್ದಿನ ಮಟ್ಟ ಹೆಚ್ಚುಕಡಿಮೆ 2 ಮೀಟರ್ ಏರಬೇಕು. 60 ಕಿಲೋ ಇಳಿದರೂ ಟೇಪ್ ಅಲ್ಲೇ ಇದ್ದರೆ ಮದ್ದು ಬಿರುಕಿಗೋ ಹಳೇ ಸುರಂಗಕ್ಕೋ ಹರಿಯುತ್ತಿದೆ. ಪಂಪ್ ನಿಲ್ಲಿಸಿ. ಇನ್ನಷ್ಟು ತುಂಬಿ ಸರಿಮಾಡೋಣ ಎಂದು ಹೊರಟರೆ ಒಂದೇ ಜಾಗದಲ್ಲಿ ಲೆಕ್ಕಕ್ಕೆ ಸಿಗದ ಮದ್ದು ಕೂರುತ್ತದೆ. ಜಲ್ಲಿ ಸುರಿದು ಆ ಭಾಗ ಮುಚ್ಚಿ, ಅದರ ಮೇಲಿಂದ ಹೊಸದಾಗಿ ಶುರು ಮಾಡಿ, ಪುಸ್ತಕದಲ್ಲಿ ಬರೆಯಿರಿ.

ಪಂಪ್ ಮಾಡಿದ ಎಮಲ್ಷನ್ ಒಳಗೆ ಸಣ್ಣ ಗುಳ್ಳೆ ಹುಟ್ಟಿ ಹಿಗ್ಗುತ್ತದೆ; ಮಟ್ಟ ಇನ್ನಷ್ಟು ಮೇಲೆ ಬರುತ್ತದೆ. ಕಪ್ಪಿನಲ್ಲಿ ಹಿಡಿದ ಮಾದರಿಯ ಸಾಂದ್ರತೆ ಹೇಳಿದಷ್ಟಕ್ಕೆ ಇಳಿಯುವವರೆಗೆ, ಸುಮಾರು 20ರಿಂದ 30 ನಿಮಿಷ, ಸ್ಟೆಮ್ಮಿಂಗ್ ಹಾಕಬೇಡಿ. ಅವಸರ ಮಾಡಿದರೆ 4 ಮೀಟರ್ ಬಿಟ್ಟಿದ್ದೇವೆ ಎಂದುಕೊಂಡದ್ದು 3.3 ಆಗಿರುತ್ತದೆ.

ಸ್ಟೆಮ್ಮಿಂಗ್ ವಿಷಯದಲ್ಲಿ ಜಿಪುಣತನ ಬೇಡ. ಡ್ರಿಲ್ ಪುಡಿ ಪುಕ್ಕಟೆ ಸಿಗುತ್ತದೆಂದು ಅದನ್ನೇ ತಳ್ಳುವುದು ಎಲ್ಲ ಕಡೆ ಇದೆ. ಒಣ ಪುಡಿ ಗುಂಡಿನ ಹಾಗೆ ಹಾರಿಹೋಗುತ್ತದೆ, ಒದ್ದೆ ಪುಡಿ ಕೆಸರಾಗಿ ಜಾರುತ್ತದೆ. 10ರಿಂದ 15 ಮಿ.ಮೀ. ಮೂಲೆಯುಳ್ಳ ಜಲ್ಲಿ ಹಾಕಿದರೆ, ಒತ್ತಡ ಬಿದ್ದಾಗ ಒಂದಕ್ಕೊಂದು ಕಚ್ಚಿಕೊಂಡು ಕುಳಿಯ ಗೋಡೆಗೆ ಬಿಗಿಯುತ್ತದೆ. ಕಲ್ಲು ಹಾರುವುದು, ಸದ್ದು, ಬಂಡೆ ದಪ್ಪ ಬರುವುದು ಈ ಮೂರೂ ಒಟ್ಟಿಗೆ ಕಡಿಮೆಯಾಗುವ ಉಪಾಯ ಬೇರೊಂದಿಲ್ಲ.

ಮನೆಗಳು ಹತ್ತಿರವಿದ್ದರೆ ಕುಳಿಗಳ ಬಾಯಿಗೆ ತಂತಿ ಬಲೆ ಹಾಸಿ ಮರಳು ಚೀಲ ಹೇರಿ. ಬಲೆ ಹಾಸುವಾಗ ಟ್ಯೂಬಿಗೆ, ವೈರಿಗೆ ಏಟಾಗಬಾರದು. ಮುಸುಕು ಹಾಕಲು ಹೋಗಿ ಮಿಸ್‌ಫೈರ್ (ಸಿಡಿಯದೆ ಉಳಿದ ಮದ್ದು) ತಂದುಕೊಳ್ಳುವುದು ಇಲ್ಲೇ. ಉಳಿದ ದೊಡ್ಡ ಬಂಡೆಗೆ ಮತ್ತೆ ಮದ್ದು ಅಂಟಿಸುವ ಅಭ್ಯಾಸವನ್ನು ಪೂರ್ತಿ ಬಿಡಿ. ಅತಿ ದೂರ ಹಾರುವ ಕಲ್ಲು ಹುಟ್ಟುವುದು ಅದರಿಂದಲೇ. ರಾಕ್ ಬ್ರೇಕರ್ ತರಿಸಿ.

ಮನೆಯವರು ಮನೆ ಅಲುಗಿತು ಎಂದು ದೂರುವಾಗ ಬಹಳ ಸಲ ಅಲುಗಿದ್ದು ಕಿಟಕಿ, ಅಲುಗಿಸಿದ್ದು ಗಾಳಿಯ ಒತ್ತಡ. ಅಮೆರಿಕದ ನಿಯಮದಲ್ಲಿ ಇದಕ್ಕೆ 133 ಡೆಸಿಬಲ್ ಮಿತಿಯಿದೆ (2 ಹರ್ಟ್ಸ್‌ವರೆಗೆ ಕೇಳುವ ಮೈಕಿನಲ್ಲಿ). ನೆಲದ ಮೇಲೆ ಬೆತ್ತಲೆಯಾಗಿ ಬಿದ್ದ ಡಿಟೊನೇಟಿಂಗ್ ಕಾರ್ಡ್ (ಸಿಡಿಮದ್ದು ತುಂಬಿದ ಹಗ್ಗ) ಮತ್ತು ಕಡಿಮೆ ಸ್ಟೆಮ್ಮಿಂಗ್ ಇದರ ಮೂಲ. ಬೆಳಿಗ್ಗೆ ಮಂಜು ಕೂತಿರುವಾಗ ಮೇಲಿನ ಬಿಸಿಗಾಳಿ ಸದ್ದನ್ನು ಮತ್ತೆ ಕೆಳಗೆ ಊರಿನ ಮೇಲೆ ಬಗ್ಗಿಸುತ್ತದೆ. ಮಧ್ಯಾಹ್ನ 1ರಿಂದ 3ರೊಳಗೆ ಸಿಡಿಸಿದರೆ ಅದೇ ಬ್ಲಾಸ್ಟ್ ಊರಿಗೆ ಅರ್ಧವೂ ಕೇಳದು. ಸಮಯ ನಿಗದಿ ಮಾಡಿ ಊರ ಚಾವಡಿಯಲ್ಲಿ ಬರೆಸಿ, ಆ ಸಮಯ ತಪ್ಪಿಸಬೇಡಿ.

ಸೈರನ್, ಆಮೇಲೆ

2017ರ ಕಲ್ಲಿದ್ದಲು ಗಣಿ ನಿಯಮಗಳ ಪ್ರಕಾರ ಅಪಾಯದ ವಲಯ 500 ಮೀಟರ್. ಪ್ರತಿ ಕಾಲುದಾರಿಗೂ ಕೆಂಪು ಬಾವುಟದ ಕಾವಲು ಬೇಕು. ದನ ಮೇಯಿಸುವವರ, ಕಲ್ಲಿದ್ದಲು ಆರಿಸುವವರ ದಾರಿ ನಕ್ಷೆಯಲ್ಲಿರುವುದಿಲ್ಲ, ಕಾವಲುಗಾರರಿಗೆ ಗೊತ್ತಿರುತ್ತದೆ. ಅವರನ್ನು ಕೇಳಿ ಜಾಗ ಗೊತ್ತು ಮಾಡಿ. ಗುಡುಗಿನ ಮೋಡ ಕಂಡರೆ ತುಂಬುವುದನ್ನು ನಿಲ್ಲಿಸಿ ಎಲ್ಲರನ್ನೂ ಹೊರಗೆ ಕಳಿಸಿ.

ಸಿಡಿದ ಮೇಲೆ ದೂಳು, ಹೊಗೆ ಪೂರ್ತಿ ಇಳಿಯುವವರೆಗೆ ಯಾರೂ ಹೋಗಬಾರದು. ಹೊಗೆ ಕಿತ್ತಳೆ ಬಣ್ಣವಿದ್ದರೆ ಅದು ನೈಟ್ರೋಜನ್ ಆಕ್ಸೈಡು, ಗಾಳಿ ಹೊಗೆಯನ್ನು ಒಯ್ಯುವ ಕಡೆ ನಿಲ್ಲಬೇಡಿ. ನೀರಿನಲ್ಲಿ ಕೆಟ್ಟ ಅಥವಾ ದಿನಗಟ್ಟಲೆ ಕುಳಿಯಲ್ಲೇ ಇದ್ದ ಮದ್ದು ಹೀಗೆ ಸುಡುತ್ತದೆ. ಮೊದಲು ಬ್ಲಾಸ್ಟರ್ ಹೋಗಿ ನೋಡಬೇಕಾದದ್ದು: ಅಲುಗದೆ ನಿಂತ ಕುಳಿ, ಸುಡದ ಟ್ಯೂಬಿನ ತುದಿ, ರಾಶಿಯಲ್ಲಿ ಬಿಳಿ ಎಮಲ್ಷನ್ ಉಂಡೆ. ಕಂಡರೆ ಗುರುತು ನೆಟ್ಟು, ಶಾವೆಲ್ ತಡೆದು, ಮ್ಯಾನೇಜರಿಗೆ ತಿಳಿಸಿ. ಟ್ಯೂಬ್ ಎಳೆಯಬೇಡಿ, ಹಳೇ ಕುಳಿಯ ಬುಡದಲ್ಲಿ ಮತ್ತೆ ಬಿಟ್ ಇಳಿಸಬೇಡಿ.

ಶಾವೆಲ್ ಶುರುವಾಗುವ ಮುನ್ನ ಕುಳಿಯ ಪುಸ್ತಕ ಮತ್ತೆ ತೆಗೆಯಿರಿ. ಪೈರೈಟ್ ಪದರ ಬಂದ ಕಡೆ ಕೆಂಪು ಸುಣ್ಣ, ಒಳ್ಳೆಯ ಮರಳುಗಲ್ಲಿಗೆ ಬಿಳಿ ಎಂದು ರಾಶಿಯ ಮೇಲೆ ಗೆರೆ ಎಳೆದರೆ ಶಾವೆಲ್ ಆಪರೇಟರಿಗೆ ಕಾಗದ ಬೇಕಿಲ್ಲ. ಕೆಂಪಿನಿಂದ ತುಂಬಿದ ಡಂಪರ್ ಒಂದು ಕಡೆ, ಬಿಳಿಯದ್ದು ಇನ್ನೊಂದು ಕಡೆ.

ಡಂಪ್ ಕಟ್ಟುವುದು

ಒಡೆದ ಕಲ್ಲು ಹಿಗ್ಗುತ್ತದೆ. ನೆಲದಲ್ಲಿ 1 ಘನ ಮೀಟರ್ ಇದ್ದದ್ದು ಡಂಪರಿಗೆ ಬಂದಾಗ 1.25ರಿಂದ 1.3. ಗುಂಡಿಯಿಂದ ತೆಗೆದದ್ದು ಗುಂಡಿಗೇ ಹಿಡಿಸದಿರಲು ಇದೇ ಕಾರಣ; ಹೊರಗಿನ ಡಂಪ್ ಒಂದಿಷ್ಟು ಉಳಿದೇ ಉಳಿಯುತ್ತದೆ.

ಡಂಪಿನ ಮುಖ 37.5 ಡಿಗ್ರಿ ಮೀರಬಾರದು, ಒಂದು ಬೆಂಚು 30 ಮೀಟರ್ ಮೀರಬಾರದು. ಇದು ಗಣಿ ನಿಯಮ. ಪರಿಸರ ಅನುಮತಿ ಪತ್ರದಲ್ಲಿ ಸಾಮಾನ್ಯವಾಗಿ ಇನ್ನೂ ಬಿಗಿ: ಒಟ್ಟು ಇಳಿಜಾರು 28 ಡಿಗ್ರಿ. ಇದಕ್ಕೆ ಬರ್ಮ್ (ಎರಡು ಬೆಂಚುಗಳ ನಡುವಿನ ಸಮತಟ್ಟು) ಎಷ್ಟು ಅಗಲ ಬಿಡಬೇಕು? 90 ಮೀಟರ್ ಎತ್ತರ, ಮೂರು ಬೆಂಚು ಎಂದರೆ 28 ಡಿಗ್ರಿಗೆ ಬೇಕಾದ ಅಡ್ಡಗಲ 169 ಮೀಟರ್. ಮೂರು ಮುಖಗಳು ತಲಾ 39ರಂತೆ 117 ತಿನ್ನುತ್ತವೆ. ಉಳಿದ 52 ಮೀಟರ್ ಎರಡೇ ಬರ್ಮಿಗೆ, ತಲಾ 26. ಮೂರು ಬೆಂಚಿಗೆ ಮೂರು ಬರ್ಮ್ ಎಂದೆಣಿಸಿ 17 ಮೀಟರ್ ಬಿಟ್ಟ ನಕ್ಷೆಗಳು ಸರ್ವೇಯಲ್ಲಿ ಸಿಕ್ಕಿಬೀಳುತ್ತವೆ. ಕಟ್ಟಿದ ಮೇಲೆ ಕೆಳಗಿನ ಬರ್ಮ್ ಅಗಲ ಮಾಡಲು ಬರುವುದಿಲ್ಲ, ಹಾಗಾಗಿ ಮೊದಲ ಬೆಂಚಿನಲ್ಲೇ ಸರಿಯಿರಬೇಕು. ಜಾರ್ಖಂಡಿನ ರಾಜಮಹಲ್ ಓಪನ್‌ಕಾಸ್ಟಿನ ಲಾಲ್‌ಮಟಿಯಾದಲ್ಲಿ 2016ರ ಡಿಸೆಂಬರ್ 29ರಂದು ರಾಶಿ ಕುಸಿದು 23 ಜನ ಸತ್ತರು. ಡಂಪಿನ ಮೇಲೆ ಅಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ ಎರಡು ಗೂಟ ಹೊಡೆದು ಅಂತರ ದಿನಾ ಅಳೆಯಿರಿ. ಹಿಗ್ಗುವ ವೇಗ ಏರುತ್ತಿದ್ದರೆ ಕೆಳಗಿನ ಜನ, ಯಂತ್ರ ಎಲ್ಲ ತೆರವಾಗಲಿ.

ಒಳಜೋಡಣೆ ಹೀಗೆ: ತಳದಲ್ಲಿ ದಪ್ಪ ಮರಳುಗಲ್ಲು; ಹೊಟ್ಟೆಯಲ್ಲಿ ಕಪ್ಪು ಶೇಲ್ ಮತ್ತು ಪೈರೈಟಿನ ಕಲ್ಲು, ತೆಳು ಪದರಗಳಲ್ಲಿ ಹರಡಿ ಡೋಜರ್, ಡಂಪರ್ ಓಡಿಸಿ ಗಟ್ಟಿ ಮಾಡಿದ್ದು; ಅದರ ಸುತ್ತ ಜೇಡಿಯ ಹೊದಿಕೆ; ಹೊರಗೆ ಒಳ್ಳೆಯ ಕಲ್ಲು. ಕಪ್ಪು ಕಲ್ಲನ್ನು ಎತ್ತರದಿಂದ ಸುರಿದರೆ ದಪ್ಪ ಉಂಡೆ ಉರುಳಿ ಬುಡಕ್ಕೆ ಸೇರಿ, ಸಣ್ಣದು ಮೇಲೆ ಉಳಿದು, ಡಂಪೊಂದು ಹೊಗೆಗೂಡಿನಂತಾಗುತ್ತದೆ. ಬುಡದಿಂದ ಗಾಳಿ ಒಳಗೆ, ಮೇಲಿಂದ ಹೊಗೆ ಹೊರಗೆ.

ಬರ್ಮುಗಳು ಹೊರಗಲ್ಲ, ಒಳಮುಖವಾಗಿ ವಾಲಿರಲಿ. ಒಳ ಅಂಚಿನ ಕಾಲುವೆಯಿಂದ ಕಲ್ಲು ಹಾಸಿದ ಇಳಿಗಾಲುವೆಗೆ, ಅಲ್ಲಿಂದ ಬುಡದ ಸುತ್ತುಗಾಲುವೆಗೆ, ಕೊನೆಗೆ ಹೂಳಿನ ಹೊಂಡಕ್ಕೆ ನೀರು ಹೋಗಬೇಕು. ಹೊಂಡದ ಹೂಳನ್ನು ಮೇ ತಿಂಗಳಲ್ಲೇ ಎತ್ತಿ. ಜೂನಿನ ಮೊದಲ ಮಳೆಯೇ ಇಡೀ ವರ್ಷದ ಮಣ್ಣು ತರುತ್ತದೆ.

ಮಣ್ಣು ಹರಡಿ ಹುಲ್ಲು ಹಿಡಿಸುವುದು

ಡಂಪಿನ ನೆತ್ತಿ ಡಂಪರ್ ಓಡಿ ಓಡಿ ರಸ್ತೆಯಷ್ಟೇ ಗಟ್ಟಿಯಾಗಿರುತ್ತದೆ. ಮಣ್ಣು ಹಾಕುವ ಮೊದಲು ರಿಪ್ಪರಿನಿಂದ 60 ಸೆಂ.ಮೀ.ನಿಂದ 1 ಮೀಟರ್ ಆಳ ಸೀಳಿ, ಇಳಿಜಾರಿಗೆ ಅಡ್ಡಲಾಗಿ. ಮೇಲಿನ 1 ಮೀಟರಿನಲ್ಲಿ ಕುಂಬಳಕಾಯಿಗಿಂತ ದೊಡ್ಡ ಕಲ್ಲು ಬೇಡ. ಅಂಥವು ಹೆಚ್ಚಿದ್ದರೆ ಬ್ಲಾಸ್ಟರಿಗೆ ತಿಳಿಸಿ, ತಪ್ಪು ಅವರ ಸ್ಟೆಮ್ಮಿಂಗಿನಲ್ಲಿ ಅಥವಾ ಅಂತರದಲ್ಲಿದೆ. ಆಮೇಲೆ ಒಳಮಣ್ಣು, ಅದರ ಮೇಲೆ ಮೇಲ್ಮಣ್ಣು. ಹಿಂದಿನಿಂದ ಹಿಂದಕ್ಕೆ ರಾಶಿ ಸುರಿದು ಸಣ್ಣ ಡೋಜರಿನಿಂದ ಒಂದೇ ಸಲ ತಳ್ಳಿ. ನುಣುಪು ಮಾಡುವ ಚಪಲಕ್ಕೆ ಮತ್ತೆ ಮತ್ತೆ ಓಡಿಸಿದರೆ ಸೀಳಿದ್ದೆಲ್ಲ ವ್ಯರ್ಥ. ಒರಟಾಗಿದ್ದರೆ ಮಳೆ ನಿಲ್ಲುತ್ತದೆ. ಬದು ಹಾಕಿದ ಹೊಲ ನೋಡಿದವರಿಗೆ ಇದನ್ನು ಹೇಳಬೇಕಿಲ್ಲ.

ಮೊದಲ ವರ್ಷ ಹುಲ್ಲು ಮತ್ತು ದ್ವಿದಳ: ಸ್ಟೈಲೋ, ದೀನಾನಾಥ್ ಹುಲ್ಲು, ಸೆಣಬು. ಇಳಿಜಾರಿಗೆ ಲಾವಂಚದ ಸಾಲು. ಗಣಿ ಮುಗಿದ ಜಾಗದಲ್ಲಿ ಹುಲ್ಲು ಬೆಳೆಸಿ ಮೇವಿಗೆ ಯೋಗ್ಯ ಮಾಡಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿ 8ರಂದು ಹೇಳಿದ ಮೇಲೆ ಇದು ಅನುಮತಿ ಪತ್ರದ ಷರತ್ತೂ ಹೌದು. ಮರ ಎರಡನೇ ಮಳೆಗೆ. 2 × 2 ಮೀಟರ್ ಅಂತರವೆಂದರೆ ಹೆಕ್ಟೇರಿಗೆ 2,500 ಗಿಡ. ಗುಂಡಿ 45 ಸೆಂ.ಮೀ. ಘನ. ಬೇವು, ಹೊಂಗೆ, ಕರಿಜಾಲಿ, ಕಗ್ಗಲಿ, ಮುತ್ತುಗ, ಬಿದಿರು, ಎಲಚಿ, ಸೀತಾಫಲ ಬೆರೆಸಿ ನೆಡಿ. ಬರೀ ನೀಲಗಿರಿ, ಬರೀ ಅಕೇಶಿಯಾ ಹಾಕಿದರೆ ಮೂರು ವರ್ಷದಲ್ಲಿ ಫೋಟೊಗೆ ಹಸಿರಾಗುತ್ತದೆ. ಅಡಿಯಲ್ಲಿ ಹುಲ್ಲೂ ಇಲ್ಲ, ಮಣ್ಣೂ ನಿಲ್ಲುವುದಿಲ್ಲ. ಬಳ್ಳಾರಿ ಜಾಲಿ ಬೀಜ ಕಾಲಿಡದಂತೆ ಮೊದಲ ಎರಡು ವರ್ಷ ಕಿತ್ತು ಹಾಕಿ. ಆಮೇಲೆ ಕೀಳಲು ಬೇಕಾಗುವುದು ಡೋಜರ್.

ಚಂದ್ರಾಪುರದ ಬೇಸಿಗೆ 45 ಡಿಗ್ರಿ ದಾಟುತ್ತದೆ. ಮೊದಲ ಎರಡು ಬೇಸಿಗೆ ನೀರು, ದನ ತಡೆಯುವ ಕಾವಲು, ಸತ್ತ ಗಿಡದ ಜಾಗಕ್ಕೆ ಮರುನೆಡು ಇವಕ್ಕೆ ಮೊದಲೇ ಹಣ ತೆಗೆದಿಡಿ. ಹೊಸ ಡಂಪು ಅಲ್ಲಲ್ಲಿ ಕುಸಿದು ತಗ್ಗು ಬೀಳುತ್ತದೆ. ಎರಡು ಮಳೆಗಾಲ ನೋಡಿ, ನೀರು ನಿಲ್ಲುವ ತಗ್ಗನ್ನು ತುಂಬಿ ಮತ್ತೆ ಬಿತ್ತಿ. ಅಲ್ಲಿಯವರೆಗೆ ಅದರ ಮೇಲೆ ಕಟ್ಟಡ ಬೇಡ.

ಹಣದ ಮಾತು. ಕಲ್ಲಿದ್ದಲು ಸಚಿವಾಲಯದ ಗಣಿ ಮುಚ್ಚುವ ಕುರಿತ 2009ರ ಮಾರ್ಗಸೂಚಿ ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ ರೂಪಾಯಿಯಂತೆ ಎಸ್ಕ್ರೋ ಖಾತೆಯಲ್ಲಿ (ಆ ಕೆಲಸಕ್ಕೆಂದೇ ಮೀಸಲಿಟ್ಟ ಠೇವಣಿ) ಇಡಲು ಹೇಳಿತು. ಆಮೇಲೆ ದರ ಏರಿದೆ. ಐದು ವರ್ಷಕ್ಕೊಮ್ಮೆ ಮಾಡಿದ ಕೆಲಸದ ಮೇಲೆ ಅದರಲ್ಲಿ ಒಂದು ಪಾಲು ವಾಪಸ್ ಸಿಗುತ್ತದೆ. ಆಗ ತೋರಿಸಬೇಕಾದದ್ದು ಮಣ್ಣಿನ ರಾಶಿಯ ಘನ ಮೀಟರ್, ಹರಡಿದ ದಪ್ಪ, ಬದುಕಿದ ಗಿಡಗಳ ಎಣಿಕೆ, ಬುಡದಿಂದ ಜಿನುಗುವ ನೀರಿನ ಪಿಎಚ್. ತಪಾಸಣೆಗೆ ಬಂದವರು ಜಾಣರಾದರೆ ಇವಿಷ್ಟನ್ನೂ ಬಿಟ್ಟು ಗುದ್ದಲಿ ಕೇಳುತ್ತಾರೆ. ಒಂದು ಮೀಟರ್ ಗುಂಡಿ ತೋಡಿಸಿ, ಹುಲ್ಲಿನ ಬೇರು ಮೇಲ್ಮಣ್ಣು ದಾಟಿ ಕೆಳಗಿನ ಒಡೆದ ಕಲ್ಲಿನ ಸಂದಿಗೆ ಇಳಿದಿದೆಯೇ, ಇಲ್ಲ ಗಟ್ಟಿ ಪದರದ ಮೇಲೆ ಅಡ್ಡಡ್ಡ ಹರಡಿ ನಿಂತಿದೆಯೇ ಎಂದು ನೋಡುತ್ತಾರೆ.